ಮೂರು ನಿಮಿಷದ ಮರಳು

ಜುಲೈ ಮಳೆಯಲ್ಲಿ ನೆನೆದು ನಾನೂ ಭಾವನೂ ಮಡಿಕೇರಿಯ ಹೊಸ ಕೆಫೆಯೊಂದಕ್ಕೆ ನುಗ್ಗಿದೆವು. ಕಿಟಕಿ ಆಚೆ ಕೈಚಾಚಿದರೆ ಕಾಫಿ ಗಿಡ. ಮೆನುವಿನಲ್ಲಿ ಹದಿನಾಲ್ಕು ಬಗೆ ಟೀ. ಕಾಫಿ ಕೊನೇ ಪುಟದಲ್ಲಿ, ಐಸ್‌ಕ್ರೀಮಿನ ಕೆಳಗೆ.

ಟೀ ಜೊತೆ ಒಂದು ಗಾಜಿನ ಮರಳು ಗಡಿಯಾರ ಬಂತು, ಜೊತೆಗೊಂದು ಕಾರ್ಡು. ಗ್ರೀನ್ ಟೀ 80 ಡಿಗ್ರಿ ನೀರಲ್ಲಿ 2 ನಿಮಿಷ ನೆನೆಯಬೇಕು. ಊಲಾಂಗ್ 90ರಲ್ಲಿ 3. ಬ್ಲ್ಯಾಕ್ ಟೀ 100ರಲ್ಲಿ 4. ಕ್ಯಾಮೊಮೈಲ್ 7. ಮೊದಲ ಮೂರೂ ಒಂದೇ ಗಿಡದ ಎಲೆ. ಕೊಯ್ದ ಮೇಲೆ ಎಷ್ಟು ಬಾಡಿಸಿ, ಎಷ್ಟು ಕಪ್ಪಾಗಲು ಬಿಟ್ಟರು ಅನ್ನೋದಷ್ಟೇ ವ್ಯತ್ಯಾಸ. ಕ್ಯಾಮೊಮೈಲ್ ಅಂತೂ ಟೀಯೇ ಅಲ್ಲ, ಒಣಗಿದ ಹೂವು. ಅದಕ್ಕೇ ಇರಬೇಕು, ಟೈಮೂ ಜಾಸ್ತಿ, ರೇಟೂ ಜಾಸ್ತಿ.

ಕಾರ್ಡು ಪೂರ್ತಿ ಸುಳ್ಳೇನಲ್ಲ. ಗ್ರೀನ್ ಟೀಗೆ ಕುದಿಯುವ ನೀರು ಸುರಿದು ಮರೆತುಬಿಟ್ಟರೆ ಅಡಿಕೆ ಚೊಗರು ಕುಡಿದ ಹಾಗಾಗುತ್ತದೆ. ಆದರೆ ಆ 100 ಡಿಗ್ರಿ? ಮಡಿಕೇರಿ ಇರೋದು ಸಮುದ್ರಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಆಮೇಲೆ ಎಷ್ಟು ಸೌದೆ ಒಟ್ಟಿದರೂ ಆವಿ ಹೋಗುತ್ತದೆಯೇ ಹೊರತು ಬಿಸಿ ಏರಲ್ಲ. ಕಾರ್ಡಿನ ಮಾತು ಉಳಿಸಬೇಕಾದರೆ ಕೆಟಲ್ ಹಿಡಿದು ಸಂಪಾಜೆ ಘಾಟಿ ಇಳಿದು, ಮಂಗಳೂರು ಮುಟ್ಟಿ, ಅಲ್ಲಿ ಕಾಯಿಸಬೇಕು.

ಟೀ ನೆನೆಸೋದಕ್ಕೆ ಅಂತರರಾಷ್ಟ್ರೀಯ ನಿಯಮವೇ ಇದೆ. 1980ರ ಐಎಸ್‌ಒ 3103. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಸರಿಯಾಗಿ 6 ನಿಮಿಷ. ಅದು ಟೀ ರುಚಿ ನೋಡುವವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿ ಅಂತ ಮಾಡಿದ್ದು, ಮನೇಲಿ ಕುಡಿಯೋದಕ್ಕಲ್ಲ. ಇದೇ ನಿಯಮದ ಬ್ರಿಟಿಷ್ ಪ್ರತಿಗೆ 1999ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಸಿಕ್ಕಿತು. ಅದೂ ಸಾಹಿತ್ಯಕ್ಕೆ!

ಸುಂಟಿಕೊಪ್ಪದ ರಸ್ತೆ ಬದಿ ಟೀ ಅಂಗಡಿಯಲ್ಲಿ ಈ ರಗಳೆಯೇ ಇಲ್ಲ. ಹಾಲು, ಪುಡಿ, ಸಕ್ಕರೆ ಒಟ್ಟಿಗೇ. ಉಕ್ಕಿ ಮೇಲೆ ಬಂದಾಗ ಪಾತ್ರೆ ಎತ್ತೋದು, ಇಳಿದಾಗ ಮತ್ತೆ ಇಡೋದು. ಮೂರು ಸಲ ಉಕ್ಕಿದರೆ ಟೀ ಆಯ್ತು. ಅಷ್ಟು ಕುದಿಸಿದರೂ ಬಾಯಿ ಒಗರಾಗಲ್ಲ; ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ಬೆಲ್ಲದ ಕಾಫಿಯೂ ಹಾಗೇ. ಗಸಿ ತಳಕ್ಕೆ ಕೂತ ಮೇಲೆ ಲೋಟಕ್ಕೆ. ಎಷ್ಟು ನಿಮಿಷ ಅಂತ ಅಜ್ಜಿಯನ್ನು ಕೇಳಿದ್ದರೆ ಸೌಟು ಹಿಡಿದೇ ಉತ್ತರ ಕೊಡುತ್ತಿದ್ದರು.

ಇಷ್ಟರಲ್ಲಿ ನಮ್ಮ ಮರಳು ಅರ್ಧಕ್ಕೇ ನಿಂತುಬಿಟ್ಟಿತು. ವೇಟರ್ ಹುಡುಗ ಚಮಚದಲ್ಲಿ ಟಕ್ ಟಕ್ ಬಡಿದ.

"ಮಳೆಗಾಲ ಅಲ್ವಾ ಸಾರ್, ಮರಳು ಕಟ್ಟಿಕೊಳ್ತದೆ."

ಮುಚ್ಚಿದ ಗಾಜಿನೊಳಗೆ ಥಂಡಿ ಹೇಗೆ ಹೋಯ್ತು ಅಂತ ನಾನು ಕೇಳಲಿಲ್ಲ. ಡಬ್ಬಿಯೊಳಗಿನ ಉಪ್ಪನ್ನೇ ನೀರು ಮಾಡುವ ಮಳೆ ಇದು.

ಭಾವ ಮಾತ್ರ ಆ ಗಡಿಯಾರವನ್ನೇ ನೋಡುತ್ತಾ ಕೂತಿದ್ದ. ಅವನ ಜಮ್ಮಾ ಬಾಣೆಯ, ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಬಂದ ಮನೆತನದ ಜಮೀನಿನ, ಪಹಣಿಯಲ್ಲಿ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ. ಆ ಹೆಸರು ಬದಲಾಯಿಸಲು ಕೊಟ್ಟ ಅರ್ಜಿ ಒಂದು ಕಚೇರಿಯಲ್ಲಿ ನೆನೆಯುತ್ತಾ ಹನ್ನೊಂದು ವರ್ಷ ಆಯ್ತು. ಬಣ್ಣ ಚೆನ್ನಾಗಿ ಬಿಟ್ಟಿದೆ: ಮೊದಲು ಬಿಳಿ ಇತ್ತು, ಆಮೇಲೆ ಹಳದಿ, ಈಗ ಒಳ್ಳೇ ಅಸ್ಸಾಂ ಟೀ ಬಣ್ಣ. ವಿಚಾರಿಸಲು ಹೋದಾಗಲೆಲ್ಲ ಕುರ್ಚಿ ಖಾಲಿ. "ಸಾಹೇಬ್ರು ಟೀಗೆ ಹೋಗಿದ್ದಾರೆ." ಯಾವ ಟೀ, ಎಷ್ಟು ನಿಮಿಷದ್ದು ಅಂತ ಯಾವ ಕಾರ್ಡಿನಲ್ಲೂ ಬರೆದಿಲ್ಲ. ಒಂದು ಸಲ ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಮೂರೂವರೆಗೆ ಬಂದರು. ಬಂದವರೇ, "ಸರ್ವರ್ ಡೌನ್" ಅಂದರು.

ಬಿಲ್ ಬಂತು. ಎರಡು ಟೀಗೆ 440 ರೂಪಾಯಿ. ಭಾವ ತಕರಾರು ಮಾಡದೆ ಕೊಟ್ಟ. ಆಮೇಲೆ ಹುಡುಗನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ:

"ತಮ್ಮಾ, ಈ ಗಡಿಯಾರ ಒಂದು ದಿನದ ಮಟ್ಟಿಗೆ ಸಿಗ್ತದಾ? ಒಬ್ಬರ ಮೇಜಿನ ಮೇಲೆ ಇಡಬೇಕಿತ್ತು."

ಹುಡುಗ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದು ಬರೀ ಮೂರು ನಿಮಿಷದ್ದು ಸಾರ್."