ಹಿಮ್ಮಡಿ ಚುಚ್ಚುವ ಮೊದಲು ತಾಯಿಯನ್ನು ಒಳಗೆ ಕರೆಯಿರಿ

ಹುಟ್ಟಿದ ಕೂಸಿನ ರಕ್ತ ತೆಗೆಯಲು ಬಂದವರು ದಾವಣಗೆರೆ, ಚಿತ್ರದುರ್ಗದ ಕಡೆ ಮೊದಲು ಹೇಳುವ ಮಾತು: "ಅಮ್ಮಾ, ನೀವು ಸ್ವಲ್ಪ ಹೊರಗಿರ್ರಿ." ನಾನಿರುವ ಸ್ವೀಡನ್ನಿನಲ್ಲಿ ಅದೇ ಹೊತ್ತಿಗೆ ಕೇಳುವ ಪ್ರಶ್ನೆ, ಕೂಸನ್ನು ಎತ್ತಿಕೊಳ್ಳುವವರು ಯಾರು, ಅಮ್ಮನೋ ಅಪ್ಪನೋ? ಎರಡೂ ಊರಿನ ನಡುವೆ ಯಂತ್ರ, ದುಡ್ಡು, ಸಿಬ್ಬಂದಿಯ ಅಂತರ ಬೇಕಾದಷ್ಟಿದೆ. ಆದರೆ ಕೂಸಿನ ನೋವಿನ ಮಟ್ಟಿಗೆ ಈ ಒಂದು ಅಂತರವೇ ದೊಡ್ಡದು. ಇದನ್ನು ಸರಿಪಡಿಸಲು ಟೆಂಡರ್ ಕರೆಯಬೇಕಿಲ್ಲ.

ಎಳೆ ಕೂಸಿಗೆ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳದ್ದು ಮಾತ್ರ ಅಲ್ಲ. 1980ರ ದಶಕದವರೆಗೂ ಪಶ್ಚಿಮದ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಸರಿಯಾದ ನೋವು ನಿವಾರಕವಿಲ್ಲದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅದನ್ನು ಪ್ರಶ್ನಿಸಿದವರಲ್ಲಿ ಮುಖ್ಯರಾದವರು ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್. 1987ರಲ್ಲಿ ಪ್ರಕಟವಾದ ಅವರ ಅಧ್ಯಯನಗಳ ನಂತರವೇ ನವಜಾತ ಶಿಶುವಿನ ನೋವು ವೈದ್ಯರ ಲೆಕ್ಕಕ್ಕೆ ಬಂದದ್ದು. ಹಾಗಿರುವಾಗ "ಅತ್ತರೆ ಏನಾಗಲ್ಲ ಬಿಡ್ರಿ, ಪುಪ್ಪುಸ ಗಟ್ಟಿಯಾಗ್ತದೆ" ಎನ್ನುವ ಮಾತನ್ನು ಇವತ್ತಿಗೂ ಕೇಳಿಸಿಕೊಳ್ಳಬೇಕಾಗಿ ಬಂದರೆ ಬೇಸರವಾಗುತ್ತದೆ. ನೋವಾದ ಕೂಸು ಅಳುವುದಷ್ಟೇ ಅಲ್ಲ. ಹುಬ್ಬು ಉಬ್ಬಿಸಿ ಕಣ್ಣು ಬಿಗಿಯುತ್ತದೆ, ಮೂಗಿನಿಂದ ತುಟಿಯ ಕಡೆಗೆ ಗೆರೆ ಮೂಡುತ್ತದೆ, ಎದೆಬಡಿತ ಏರುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ತಿಂಗಳು ತುಂಬದ ಕೂಸು ಕೆಲವೊಮ್ಮೆ ಅಳುವುದೇ ಇಲ್ಲ, ಸೊರಗಿ ಮಲಗುತ್ತದೆ. ಅದನ್ನು "ಒಳ್ಳೆ ಕೂಸು" ಎಂದು ಹೊಗಳುವುದುಂಟು.

ಸೂಜಿಯಿಂದಲೇ ಶುರು ಮಾಡೋಣ. ಸ್ವೀಡನ್ನಿನಲ್ಲಿ ಜನ್ಮಜಾತ ಕಾಯಿಲೆಗಳ ತಪಾಸಣೆಗೆ 48 ಗಂಟೆ ತುಂಬಿದ ಮೇಲೆ ರಕ್ತ ತೆಗೆಯುತ್ತಾರೆ, ಸಾಮಾನ್ಯವಾಗಿ ಅಂಗೈ ಹಿಂಬದಿಯ ರಕ್ತನಾಳದಿಂದ. ರಕ್ತ ತಾನಾಗಿ ಹನಿದು ಕಾಗದದ ಕಾರ್ಡಿನ ವೃತ್ತಗಳನ್ನು ತುಂಬುತ್ತದೆ. ಪಳಗಿದ ಕೈಯಾದರೆ ಹಿಮ್ಮಡಿ ಚುಚ್ಚುವುದಕ್ಕಿಂತ ಇದರಲ್ಲಿ ನೋವು ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಸಾಬೀತಾಗಿದೆ. "ಪಳಗಿದ ಕೈ" ಎನ್ನುವ ಷರತ್ತನ್ನು ಮಾತ್ರ ಮರೆಯಬಾರದು. ಮೂರು ಸಲ ಚುಚ್ಚಿ ನರ ಸಿಗದೆ ಒದ್ದಾಡಿಸುವುದಕ್ಕಿಂತ ಒಂದೇ ಸಲದ ಹಿಮ್ಮಡಿ ವಾಸಿ. ಗ್ಲುಕೋಮೀಟರಿಗೆ ಒಂದು ಹನಿ ಸಾಕೆಂದರೂ ಹಿಮ್ಮಡಿಯೇ ಸರಿ. ನಮ್ಮ ಕಡೆ ರಕ್ತನಾಳದಿಂದ ತೆಗೆಯುವಾಗ ಸೂಜಿಯ ಬುಡದ ಪ್ಲಾಸ್ಟಿಕ್ ಮುರಿದು ಹನಿಸಿಕೊಳ್ಳುವ ರೂಢಿ ಇದೆ. ಕೆಲಸವೇನೋ ಆಗುತ್ತದೆ, ಆದರೆ ಹಿಡಿಯಲು ಹಿಡಿಕೆಯಿಲ್ಲದ ಆ ಲೋಹ ಕೂಸಿಗೂ ಅಪಾಯ, ತೆಗೆಯುವವರ ಬೆರಳಿಗೂ ಅಪಾಯ. ಅದನ್ನು ಬಿಡುವುದೇ ಒಳ್ಳೆಯದು.

ಹಿಮ್ಮಡಿಗೆ ಬಂದರೆ, 26 ನಂಬರಿನ ಸೂಜಿಯಲ್ಲಿ ಚುಚ್ಚುವುದು ನಮ್ಮಲ್ಲಿ ಮಾಮೂಲು. ಎಷ್ಟು ಆಳ ಹೋಯಿತು ಎಂಬುದು ಆಗ ಚುಚ್ಚುವವರ ಕೈಗೆ ಬಿಟ್ಟದ್ದು. ಸ್ಪ್ರಿಂಗ್ ಇರುವ ಲ್ಯಾನ್ಸೆಟ್ (ರಕ್ತ ತೆಗೆಯುವ ಪುಟ್ಟ ಅಲಗು) ಒಂದೇ ಆಳಕ್ಕೆ ಕೊಯ್ದು ಹಿಂದೆ ಸರಿಯುತ್ತದೆ. ತಿಂಗಳು ತುಂಬಿದ ಕೂಸಿಗೂ 2 ಮಿಲಿಮೀಟರ್ ದಾಟಬಾರದು, ಸಣ್ಣ ಕೂಸಿಗೆ ಇನ್ನೂ ಕಡಿಮೆ ಆಳದ್ದು ಸಿಗುತ್ತದೆ. ಹೆಬ್ಬೆರಳಿನ ಮಧ್ಯದಿಂದ ಹಿಮ್ಮಡಿಗೆ ಒಂದು ಗೆರೆ, ನಾಲ್ಕು ಮತ್ತು ಐದನೇ ಬೆರಳಿನ ಸಂದಿನಿಂದ ಇನ್ನೊಂದು ಗೆರೆ ಎಳೆದಂತೆ ಅಂದುಕೊಳ್ಳಿ. ಆ ಎರಡು ಗೆರೆಗಳ ಹೊರಗಿನ ಅಂಚುಗಳಲ್ಲಷ್ಟೇ ಚುಚ್ಚಬೇಕು. ಹಿಮ್ಮಡಿಯ ಹಿಂಬದಿಯ ಉಬ್ಬಿನಲ್ಲಿ ಮೂಳೆ ಚರ್ಮಕ್ಕೆ ತೀರಾ ಹತ್ತಿರ. ಅಲ್ಲಿ ತಗುಲಿದರೆ ಮೂಳೆಗೆ ಸೋಂಕು ಹತ್ತಬಹುದು.

ಚುಚ್ಚಿದ್ದಕ್ಕಿಂತ ಹಿಂಡಿದ್ದು ಹೆಚ್ಚು ನೋಯಿಸುತ್ತದೆ. ಇದನ್ನು ಲ್ಯಾಬಿನವರಿಗೆ ಎಷ್ಟು ಸಲ ಹೇಳಿದರೂ ಸಾಲದು. ಹಿಂಡಿದಾಗ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಅಂಗಾಂಶದ ನೀರು ಸೇರಿ ಉಳಿದ ಲೆಕ್ಕವೂ ತಪ್ಪುತ್ತದೆ, ಕೊನೆಗೆ "ಸ್ಯಾಂಪಲ್ ಸರಿಯಿಲ್ಲ" ಎಂದು ಮತ್ತೊಮ್ಮೆ ಚುಚ್ಚುತ್ತಾರೆ. ಪಾದ ಎದೆಯ ಮಟ್ಟಕ್ಕಿಂತ ಕೆಳಗಿರಲಿ, ಸ್ಪಿರಿಟ್ ಪೂರ್ತಿ ಆರಲಿ, ಮೊದಲ ಹನಿ ಒರೆಸಿ ಬಿಡಿ. ಮೆತ್ತಗೆ ಒತ್ತಿ, ಬಿಟ್ಟು, ಮತ್ತೆ ತುಂಬಿಕೊಳ್ಳಲು ಸಮಯ ಕೊಡಿ. ಪಾದ ತಣ್ಣಗಿದ್ದರೆ ಕಾಲುಚೀಲ ಹಾಕಿ ಬೆಚ್ಚಗಿಡಿ. ಕೈಗವಸಿಗೆ ಬಿಸಿನೀರು ತುಂಬಿ ಕಟ್ಟಿದರೆ ಎಳೆ ಚರ್ಮ ಸುಡುತ್ತದೆ. ಮರಗಟ್ಟಿಸುವ ಮುಲಾಮು, ಪ್ಯಾರಾಸಿಟಮಾಲ್ ಹನಿ ಎರಡೂ ಹಿಮ್ಮಡಿ ಚುಚ್ಚುವ ನೋವಿಗೆ ಕೆಲಸಕ್ಕೆ ಬರುವುದಿಲ್ಲ, ಬರೆಸಿಕೊಂಡು ಬರಬೇಡಿ.

ಕೆಲಸಕ್ಕೆ ಬರುವುದು ಎದೆಹಾಲು. ಹಾಲು ಕುಡಿಯುತ್ತಿರುವಾಗಲೇ ಚುಚ್ಚಬೇಕು, ಚುಚ್ಚಿ ಆದಮೇಲೆ ಸಮಾಧಾನಕ್ಕೆ ಕೊಡುವುದಲ್ಲ. ತಾಯಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿ. ಕೂಸಿನ ಒಂದು ಪಾದ ಹೊರಗೆ ಉಳಿಯುವಂತೆ ಮಡಿಲಲ್ಲಿ ಮಲಗಿಸಿ. ರಕ್ತ ತೆಗೆಯುವವರು ಕೆಳಗೆ ಸ್ಟೂಲಿನ ಮೇಲೆ ಕೂರಲಿ. ಬಾಯಿ ಹಚ್ಚಿದ ಕ್ಷಣಕ್ಕೇ ಚುಚ್ಚಿಬಿಡುವುದು ಸಾಮಾನ್ಯ ತಪ್ಪು. ಕನಿಷ್ಠ 2 ನಿಮಿಷ, ಸಾಧ್ಯವಾದರೆ 5 ನಿಮಿಷ ಕಾಯಬೇಕು. ಚೀಪುವ ಲಯ ಹಿಡಿದು ನುಂಗುವ ಸದ್ದು ಕೇಳಿಸಬೇಕು. ಕೂಸು ಬಾಯಿ ಬಿಟ್ಟರೆ ಅಲ್ಲಿಗೆ ನಿಲ್ಲಿಸಿ, ಮತ್ತೆ ಹಚ್ಚಿಸಿ ಮುಂದುವರಿಸಿ. ಹಾಲು ನೆತ್ತಿಗೇರುತ್ತದೆ ಎಂಬ ಭಯ, ಕೂಸು ಆಮೇಲೆ ಎದೆಯನ್ನೇ ಒಲ್ಲೆನ್ನುತ್ತದೆ ಎಂಬ ಭಯ ಎರಡೂ ಕೇಳಿಬರುತ್ತವೆ. ಅಧ್ಯಯನಗಳಲ್ಲಿ ಅಂಥದ್ದೇನೂ ಕಂಡಿಲ್ಲ. ಹಿಂಡಿದ ಹಾಲನ್ನು ಚಮಚದಲ್ಲೋ ಪಾಲಾಡದಲ್ಲೋ ಕೊಟ್ಟರೆ ಅಷ್ಟು ಪರಿಣಾಮವಿಲ್ಲ. ಬಿಸುಪು, ವಾಸನೆ, ಚೀಪುವುದು, ಅಪ್ಪುಗೆ ಒಟ್ಟಿಗೆ ಸೇರಿದಾಗಲೇ ಅದು ಮದ್ದಾಗುವುದು.

ಹಾಲು ಚೀಪಲಾರದ ಕೂಸಿಗೆ ಚರ್ಮಕ್ಕೆ ಚರ್ಮ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹುಟ್ಟಿದ ಕಾಂಗರೂ ಆರೈಕೆ ಇದು. ಬರೀ ಲಂಗೋಟಿಯಲ್ಲಿ ಕೂಸನ್ನು ಎದೆಗೆ ನೆಟ್ಟಗೆ ಒರಗಿಸಿ, ಬೆನ್ನಿಗೆ ಬಟ್ಟೆ ಹೊದಿಸಿ, ಚುಚ್ಚುವ 10-15 ನಿಮಿಷ ಮೊದಲೇ ಶುರು ಮಾಡಬೇಕು. ಸ್ವೀಡನ್ನಿನಲ್ಲಿ ಇದಕ್ಕೆ ಅಪ್ಪಂದಿರು ಅಂಗಿ ಬಿಚ್ಚಿ ಕೂರುತ್ತಾರೆ. ಜಗಳೂರು, ಚಳ್ಳಕೆರೆಯ ಏಪ್ರಿಲ್ಲಿನಲ್ಲಿ ಚಳಿಯ ಚಿಂತೆಯಂತೂ ಇಲ್ಲ. ಬೇಕಿರುವುದು ಒಂದು ಪರದೆ, ಮತ್ತೆ "ಗಂಡಸರಿಗೆ ಪ್ರವೇಶವಿಲ್ಲ" ಎಂಬ ಬೋರ್ಡಿಗೆ ಸ್ವಲ್ಪ ವಿನಾಯಿತಿ.

ಎಸ್‌ಎನ್‌ಸಿಯುವಿನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಬೆಚ್ಚಗಿಡುವ ವಾರ್ಮರಿನಿಂದ ಎತ್ತಲಾಗದ ಕೂಸಿಗೂ ಉಪಾಯವಿದೆ. ತೊಳೆದು ಬೆಚ್ಚಗಾದ ಒಂದು ಅಂಗೈ ತಲೆಯ ಮೇಲೆ, ಇನ್ನೊಂದರಲ್ಲಿ ಮಡಚಿದ ಕಾಲು, ಕೂಸಿನ ಕೈಗಳು ಬಾಯಿಯ ಹತ್ತಿರ. ಹೊಟ್ಟೆಯೊಳಗಿದ್ದಂತೆ ಮುದುಡಿಸಿ ಹಿಡಿಯುವುದು. ಕೈ ಅಲುಗಬಾರದು. ತಟ್ಟುವುದು, ಸವರುವುದು, ಜೋಗುಳ ಮೂರನ್ನೂ ಒಟ್ಟಿಗೆ ಸುರಿದರೆ ಸಣ್ಣ ಕೂಸು ಇನ್ನಷ್ಟು ಬಳಲುತ್ತದೆ. ಸೂಜಿ ತೆಗೆದ ತಕ್ಷಣ ಕೈ ಎತ್ತಬಾರದು, ಉಸಿರು ಒಂದು ಹದಕ್ಕೆ ಬರುವವರೆಗೆ ಹಿಡಿದಿರಬೇಕು. ಇಬ್ಬರು ಬೇಕಾಗುವ ಕೆಲಸ ಇದು. ಇಲ್ಲಿ ನಮ್ಮ ಕಡೆಯೇ ಅನುಕೂಲ ಹೆಚ್ಚು ಎನ್ನುತ್ತೇನೆ. ಸ್ವೀಡನ್ನಿನ ಬಾಣಂತಿಗೆ ಗಂಡ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ನಮ್ಮಲ್ಲಿ ವಾರ್ಡಿನ ಹೊರಗೆ ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಕಾದು ಕೂತಿರುತ್ತಾರೆ. ಕೈ ತೊಳೆಸಿ ಗೌನ್ ಹಾಕಿಸಿ ಅವರಲ್ಲಿ ಒಬ್ಬರನ್ನು ಒಳಗೆ ಬಿಟ್ಟರೆ ಆಯಿತು. ಸೋಂಕಿನ ಭಯ ನಿಜವೇ, ಆದರೆ ಅದಕ್ಕೆ ಸೋಪು ಇದೆ.

ಅಜ್ಜಿಯರಿಗೂ ಒಂದು ಮಾತು. ಹಳೆ ಸೀರೆಯಲ್ಲಿ ಸುತ್ತುವುದು ಒಳ್ಳೆಯದೇ, ನೋವನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ. ಕಾಲು ನೀಟಾಗಲಿ ಎಂದು ಎಳೆದು ಬಿಗಿಯಾಗಿ ಕಟ್ಟಬೇಡಿ, ಸೊಂಟದ ಕೀಲು ಜಾರುವ ಅಪಾಯವಿದೆ. ಜೇನು ನೆಕ್ಕಿಸುವುದು ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳಿಂದಾಗಿ ವರ್ಷ ತುಂಬುವವರೆಗೆ ಜೇನು ನಿಷಿದ್ಧ.

ಸಕ್ಕರೆ ನೀರಿನ ಮಾತು ಬೇರೆ. ಸ್ವೀಡನ್ನಿನಲ್ಲಿ ಶೇ 30ರ ಗ್ಲುಕೋಸನ್ನು, ಬೇರೆ ಹಲವು ದೇಶಗಳಲ್ಲಿ ಶೇ 24ರ ಸುಕ್ರೋಸನ್ನು, ಚುಚ್ಚುವ 2 ನಿಮಿಷ ಮೊದಲು ನಾಲಗೆಯ ತುದಿಗೆ ಹನಿಸುತ್ತಾರೆ. ಅಳು ಖಂಡಿತ ತಗ್ಗುತ್ತದೆ. ಆದರೆ 2010ರಲ್ಲಿ ಲಂಡನ್ನಿನ ಸಂಶೋಧಕರು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಸುಕ್ರೋಸ್ ಕೊಟ್ಟರೂ ನೋವಿನ ಅಲೆ ತಗ್ಗಿದ್ದು ಕಾಣಲಿಲ್ಲ. ಚರ್ಚೆ ಮುಗಿದಿಲ್ಲ. ಸಕ್ಕರೆ ನೀರಿನ ಸಿರಿಂಜು ಕೈಗೆ ಸಿಗುತ್ತದೆಂದು ತಾಯಿ ಪಕ್ಕದಲ್ಲಿದ್ದರೂ ಅದಕ್ಕೇ ಕೈ ಹಾಕುವ ಸ್ವೀಡನ್ನಿನ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅದನ್ನು ನೋಡಿ ಮನೆಯಲ್ಲಿ ಸಕ್ಕರೆ ಕರಗಿಸಿ ಕುಡಿಸುವುದಂತೂ ತಪ್ಪು. ಅಳತೆ ಇರುವುದಿಲ್ಲ, ನೀರು ಶುದ್ಧವಿರುವುದಿಲ್ಲ, ಹಸಿವು ಸತ್ತು ಎದೆಹಾಲು ತಪ್ಪುತ್ತದೆ.

ಇದೇ ಕ್ರಮ ಲಸಿಕೆಗೂ ಸಲ್ಲುತ್ತದೆ. ಚುಚ್ಚುಮದ್ದಿನ ಹೊತ್ತಿಗೆ ಹಾಲೂಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಂಗನವಾಡಿಯಲ್ಲಿ ಆರನೇ ವಾರದ ಸಾಲಿನಲ್ಲಿ ನಿಂತಾಗ ಬಾಯಿಯ ಹನಿ ಮೊದಲು ಹಾಕಿಸಿ, ಹೆಚ್ಚು ನೋಯುವ ಚುಚ್ಚುಮದ್ದನ್ನು ಕೊನೆಗೆ ಉಳಿಸಲು ಸಿಸ್ಟರಿಗೆ ಹೇಳಿ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತು ಕೂಸಿಗೆ ಹಾಲು ಹಚ್ಚಿಸಿರಿ. ಸರದಿ ಬಂತೆಂದು ಬಿಡಿಸಬೇಡಿ, ಸಿಸ್ಟರೇ ನಿಮ್ಮ ಹತ್ತಿರ ಬರಲಿ.