ಒಳ್ಳೆಯ ಜಡ್ಜ್ ಮುಂದೆ ನಿಂತವರು

"30 ದಿನ ಟೈಮ್ ತಗೊಳ್ಳಿ. ಯೋಚನೆ ಮಾಡಿ."

ಹೀಗೆ ಹೇಳಿದವನು ಹಲ್ಲು ಕಡಿಯುತ್ತಾ ಕೂತಿದ್ದ ಕ್ರೂರಿ ಅಲ್ಲ. ರೋಮ್ ಸಾಮ್ರಾಜ್ಯದ ಆಫ್ರಿಕಾ ಪ್ರಾಂತ್ಯದ ಗವರ್ನರ್ ವಿಗೆಲ್ಲಿಯುಸ್ ಸಾತುರ್ನಿನುಸ್. ಊರು ಕಾರ್ತೇಜ್, ಅಂದರೆ ಇಂದಿನ ಟ್ಯೂನಿಸ್ ಪಕ್ಕ. ದಿನ, 180ರ ಜುಲೈ 17. ಅವನ ಮುಂದೆ ನಿಂತಿದ್ದವರು ಸ್ಕಿಲ್ಲಿ ಎಂಬ ಊರಿನ ಕ್ರೈಸ್ತರು. ಒಟ್ಟು 12 ಜನ. ಏಳು ಗಂಡಸರು, ಐದು ಹೆಂಗಸರು.

ಇವತ್ತು ಜುಲೈ 17. ನಮ್ಮ ಕಡೆ ಈ ಹೆಸರುಗಳನ್ನು ಹೇಳುವವರು ಕಡಿಮೆ. ಅದಕ್ಕೇ ಬರೆಯೋಣ ಅನ್ನಿಸಿತು.

ಆ ವಿಚಾರಣೆಯ ದಾಖಲೆ ಉಳಿದಿದೆ. ಕ್ರೈಸ್ತರು ಲ್ಯಾಟಿನ್‌ನಲ್ಲಿ ಉಳಿಸಿಕೊಂಡ, ದಿನಾಂಕ ಇರುವ ಬರಹಗಳಲ್ಲಿ ಇದೇ ಅತಿ ಹಳೆಯದು. ಅಚ್ಚು ಹಾಕಿದರೆ ಎರಡು ಪುಟ ತುಂಬುವುದಿಲ್ಲ. ಪ್ರಶ್ನೆ, ಉತ್ತರ, ತೀರ್ಪು, ಅಷ್ಟೇ. ಸಿಂಹ ಇಲ್ಲ, ಕಾದ ಕಬ್ಬಿಣ ಇಲ್ಲ, ಪವಾಡವೂ ಇಲ್ಲ.

ನಾವು ಹುತಾತ್ಮರ ಕಥೆ ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಹಬ್ಬದ ದಿನ ನಾವು ಕೇಳುವ ಕಥೆಗಳಲ್ಲಿ ಜಡ್ಜ್ ಯಾವಾಗಲೂ ರಾಕ್ಷಸ. ಒಂದು ಹಿಂಸೆ ಮುಗಿದರೆ ಇನ್ನೊಂದು ಶುರು. ಅಂಥ ಕಥೆಗಳಲ್ಲಿ ಹಲವು, ಘಟನೆ ನಡೆದು ನೂರಾರು ವರ್ಷ ಆದಮೇಲೆ ಬರೆದವು. ಅವುಗಳ ಬಣ್ಣಕ್ಕಿಂತ ಅವು ಮುಚ್ಚಿಡುವುದರ ಬಗ್ಗೆ ನನಗೆ ಬೇಜಾರು. ರಾಕ್ಷಸನಿಗೆ ‘ಆಗಲ್ಲ’ ಅನ್ನುವುದು ಕಷ್ಟವೇ ಇರಬಹುದು. ಆದರೆ ಯಾಕೆ ಅನ್ನಬೇಕು ಎಂಬುದರಲ್ಲಿ ಅನುಮಾನ ಇರುವುದಿಲ್ಲ. ಮರ್ಯಾದಸ್ಥ ಮನುಷ್ಯನೊಬ್ಬ, ನಿಮ್ಮನ್ನು ಹೇಗಾದರೂ ಮನೆಗೆ ಕಳಿಸಬೇಕು ಅಂತ ನೋಡುತ್ತಿರುವಾಗ ‘ಆಗಲ್ಲ’ ಅನ್ನುವುದಿದೆಯಲ್ಲ, ಅದು ಬೇರೆ ಮಾತು.

ಸಾತುರ್ನಿನುಸ್‌ನ ಮೊದಲ ಮಾತೇ ಕ್ಷಮೆಯದು. ನೀವು ಬುದ್ಧಿ ತಂದುಕೊಂಡರೆ ಚಕ್ರವರ್ತಿಯ ಕ್ಷಮೆ ಸಿಗುತ್ತದೆ ಅನ್ನುತ್ತಾನೆ. ಗುಂಪಿನ ಪರವಾಗಿ ಸ್ಪೆರಾತುಸ್ ಉತ್ತರಿಸುತ್ತಾನೆ. ನಾವು ಯಾರಿಗೂ ಕೆಟ್ಟದ್ದು ಮಾಡಿಲ್ಲ, ಯಾರಿಗೂ ಶಾಪ ಹಾಕಿಲ್ಲ. ಗವರ್ನರ್ ಹೇಳುತ್ತಾನೆ, ನಾವೂ ದೇವರನ್ನು ನಂಬುವವರೇ, ನಮ್ಮ ಧರ್ಮವೂ ಸರಳವಾದದ್ದೇ. ಚಕ್ರವರ್ತಿಯನ್ನು ಕಾಯುವ ದೈವದ ಮೇಲೆ ಆಣೆ ಇಡುತ್ತೇವೆ, ನೀವೂ ಇಡಿ. ಸರಳತೆ ಅಂದ್ರೆ ಏನು ಅಂತ ನಾನು ಹೇಳುತ್ತೇನೆ, ಕೇಳುತ್ತೀರಾ ಅಂತ ಸ್ಪೆರಾತುಸ್. ನಮ್ಮ ಆಚರಣೆಗಳನ್ನು ಬೈಯಲು ಶುರು ಮಾಡಿದರೆ ನಾನು ಕೇಳುವುದಿಲ್ಲ, ಸುಮ್ನೆ ಆಣೆ ಇಡು ಅಂತ ಗವರ್ನರ್. ಅವನಿಗೆ ಚರ್ಚೆ ಬೇಡ, ಕೆಲಸ ಮುಗಿಯಬೇಕು.

ಆಮೇಲೆ ಸ್ಪೆರಾತುಸ್ ಹೇಳುವ ಮಾತು ನನಗೆ ಬಹಳ ಇಷ್ಟ. ನಾನು ಕಳ್ಳತನ ಮಾಡಿಲ್ಲ, ಏನಾದರೂ ಕೊಂಡರೆ ತೆರಿಗೆ ಕಟ್ಟುತ್ತೇನೆ ಅನ್ನುತ್ತಾನೆ. ಜೀವ ಹೋಗುವ ಹೊತ್ತಲ್ಲಿ ತೆರಿಗೆ ಲೆಕ್ಕ! ಸರ್ಕಾರದ ವಿರುದ್ಧ ದಂಗೆ ಎದ್ದವನು ಹೀಗೆ ಮಾತಾಡುವುದಿಲ್ಲ. ದೊನಾತಾ ಎಂಬ ಹೆಂಗಸು ಇದನ್ನೇ ಇನ್ನೂ ಚಿಕ್ಕದಾಗಿ ಹೇಳುತ್ತಾಳೆ. ಸೀಸರನಿಗೆ, ಅಂದರೆ ಚಕ್ರವರ್ತಿಗೆ, ಅವನಿಗೆ ಸಲ್ಲುವ ಗೌರವ, ಭಯ ಮಾತ್ರ ದೇವರಿಗೆ. ಸೆಕುಂದಾ ಎಂಬಾಕೆಯದು ಒಂದೇ ಸಾಲು. ನಾನು ಏನಾಗಿದ್ದೇನೋ ಅದೇ ಆಗಿರಬೇಕು.

ನಡುವೆ ಗವರ್ನರ್ ಕಣ್ಣು ಅವರ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಅದರಲ್ಲಿ ಏನಿದೆ? ಪುಸ್ತಕಗಳು, ಮತ್ತೆ ಪೌಲ ಎಂಬ ಒಳ್ಳೆಯ ಮನುಷ್ಯನ ಪತ್ರಗಳು (ಬೈಬಲ್‌ನಲ್ಲಿ ಬರುವ ಪೌಲನೇ). ಮುಂದೆ ಪ್ರಶ್ನೆ ಇಲ್ಲ. ಯಾವ ಪೌಲ, ಏನು ಬರೆದಿದ್ದಾನೆ, ಕೇಳುವುದೇ ಇಲ್ಲ. ತಕ್ಷಣ 30 ದಿನದ ಮಾತು ಬರುತ್ತದೆ. ಯೋಚನೆಗೆ ಟೈಮ್ ಬೇಕಾ ಅಂತ ಸ್ವಲ್ಪ ಮುಂಚೆ ಕೇಳಿದಾಗ, ಇಷ್ಟು ಸರಿಯಾದ ವಿಷಯದಲ್ಲಿ ಯೋಚಿಸುವುದು ಏನೂ ಇಲ್ಲ ಅಂದಿದ್ದ ಸ್ಪೆರಾತುಸ್, ಈಗಲೂ ನಾನು ಕ್ರೈಸ್ತ ಅಂತಷ್ಟೇ ಅನ್ನುತ್ತಾನೆ. ಗವರ್ನರ್ ಹಲಗೆ ತೆಗೆದು ತೀರ್ಪು ಓದುತ್ತಾನೆ. ರೋಮನ್ನರ ಪದ್ಧತಿಗೆ ಮರಳಲು ಅವಕಾಶ ಕೊಟ್ಟರೂ ಹಟ ಬಿಡಲಿಲ್ಲ, ಆದ್ದರಿಂದ ತಲೆ ಕಡಿಯಬೇಕು. ‘ದೇವರಿಗೆ ಕೃತಜ್ಞತೆ’ ಅಂತ ಅವರು. ಅಲ್ಲಿಗೆ ಮುಗಿಯಿತು.

ಹಟ. ಇದು ರೋಮನ್ ಅಧಿಕಾರಿಗಳಿಗೆ ನಿಜಕ್ಕೂ ಅರ್ಥ ಆಗದ ವಿಷಯ. ಇದಕ್ಕೂ ಮುಂಚೆ, 112ರ ಸುಮಾರಿಗೆ, ಇಂದಿನ ಟರ್ಕಿಯ ಉತ್ತರ ಭಾಗದಲ್ಲಿ ಗವರ್ನರ್ ಆಗಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದಿದ್ದ. ನೀವು ಕ್ರೈಸ್ತರಾ ಅಂತ ಮೂರು ಸಲ ಕೇಳುತ್ತೇನೆ, ಹೌದು ಅಂತಲೇ ಹೇಳಿದರೆ ಕೊಲ್ಲಿಸುತ್ತೇನೆ. ಅವರು ನಂಬುವುದು ಏನೇ ಇರಲಿ, ಆ ಮೊಂಡುತನಕ್ಕಾದರೂ ಶಿಕ್ಷೆ ಆಗಬೇಕು. ಇದು ಅವನ ವಾದ. ನಿಜ ತಿಳಿಯಲು ಕ್ರೈಸ್ತರ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರಿಗೆ ಹಿಂಸೆ ಕೊಡಿಸಿದ. ಮಿತಿಮೀರಿದ ಮೂಢನಂಬಿಕೆ ಬಿಟ್ಟರೆ ಬೇರೇನೂ ಸಿಗಲಿಲ್ಲ ಅಂತ ಬರೆದ. ಆ ಇಬ್ಬರ ಹೆಸರು ಬರೆಯುವ ಗೋಜಿಗೆ ಹೋಗಲಿಲ್ಲ. ಒಳ್ಳೆಯ ಅಧಿಕಾರಿ ಎಂದೆನಲ್ಲ, ಆ ಒಳ್ಳೆಯತನದ ಅಳತೆ ಇಷ್ಟು.

ಟ್ರಾಜನ್ ಉತ್ತರ ಇನ್ನೂ ವಿಚಿತ್ರ. ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ. ಹೆಸರಿಲ್ಲದ ದೂರು ತಗೊಳ್ಳಬೇಡ. ಯಾರಾದರೂ ಹಿಡಿದು ತಂದು, ತಪ್ಪು ಸಾಬೀತಾದರೆ ಶಿಕ್ಷೆ ಕೊಡು. ನಮ್ಮ ದೇವರುಗಳಿಗೆ ಕೈ ಮುಗಿದರೆ ಬಿಟ್ಟುಬಿಡು. 197ರಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಇದನ್ನೇ ಹಿಡಿದು ಜಾಡಿಸಿದ. ತಪ್ಪಿತಸ್ಥರಾದರೆ ಯಾಕೆ ಹುಡುಕುವುದಿಲ್ಲ? ತಪ್ಪಿಲ್ಲದಿದ್ದರೆ ಯಾಕೆ ಕೊಲ್ಲುತ್ತೀರಿ? ಬೇರೆ ಆರೋಪಿಗಳು ಒಪ್ಪಿಕೊಳ್ಳಲಿ ಅಂತ ಹಿಂಸೆ ಕೊಡುತ್ತೀರಿ, ನಾವು ಇಲ್ಲ ಅನ್ನಲಿ ಅಂತ ಹಿಂಸೆ ಕೊಡುತ್ತೀರಿ! ಸರಿಯಾದ ಪ್ರಶ್ನೆ ಅಲ್ವಾ?

ಇದೇ ಟೆರ್ಟುಲಿಯನ್ ಮುಂದೆ ಬರೆಯುತ್ತಾನೆ, ನಮ್ಮ ಮೇಲೆ ಮೊದಲು ಕತ್ತಿ ಎತ್ತಿದ ಸಾತುರ್ನಿನುಸ್‌ಗೆ ಕಣ್ಣು ಹೋಯಿತು ಅಂತ. ಆ ಖುಷಿ ನನಗೆ ಹಿಡಿಸುವುದಿಲ್ಲ. ಆದರೆ ಅದೇ ಬರಹದಲ್ಲಿ ಬೇರೆ ಥರದ ಜಡ್ಜ್‌ಗಳೂ ಸಿಗುತ್ತಾರೆ. ಒಬ್ಬ, ಹೇಗೆ ಉತ್ತರ ಕೊಟ್ಟರೆ ಬಿಡುಗಡೆ ಆಗುತ್ತದೆ ಅಂತ ಕ್ರೈಸ್ತರಿಗೆ ತಾನೇ ಹೇಳಿಕೊಟ್ಟನಂತೆ. ಇನ್ನೊಬ್ಬ, ಬೆದರಿಸಿ ದುಡ್ಡು ಕೀಳಲು ಹೂಡಿದ ಕೇಸ್ ಎಂದು ಗೊತ್ತಾದಾಗ ದೂರಿನ ಕಾಗದವನ್ನೇ ಹರಿದು ಹಾಕಿದ. ಏಷ್ಯಾ ಪ್ರಾಂತ್ಯದಲ್ಲಿ ಅರ್ರಿಯುಸ್ ಅಂತೋನಿನುಸ್ ಎಂಬ ಗವರ್ನರ್ ಮುಂದೆ ಊರಿನ ಕ್ರೈಸ್ತರೆಲ್ಲ ಒಟ್ಟಿಗೆ ಬಂದು ನಿಂತರು. ಕೆಲವರನ್ನು ಕೊಲ್ಲಿಸಿ ಉಳಿದವರಿಗೆ ಹೇಳಿದ, ಸಾಯಲೇಬೇಕು ಅಂತಿದ್ದರೆ ನಿಮಗೆ ಬಂಡೆ ಇಲ್ವಾ, ಹಗ್ಗ ಇಲ್ವಾ? ಓದಿದಾಗ ನಗುವೂ ಬರುತ್ತದೆ, ಮೈಯೂ ಜುಮ್ ಅನ್ನುತ್ತದೆ.

ಒತ್ತಾಯ ಯಾವಾಗಲೂ ಜಡ್ಜ್ ಕಡೆಯಿಂದಲೇ ಬರಬೇಕಾಗಿಲ್ಲ. 203ರಲ್ಲಿ ಅದೇ ಕಾರ್ತೇಜಿನಲ್ಲಿ ಪೆರ್ಪೆತುವಾ ಎಂಬ 22ರ ಆಸುಪಾಸಿನ ತಾಯಿ ವಿಚಾರಣೆಗೆ ನಿಂತಳು. ಜೈಲಿನ ದಿನಗಳನ್ನು ಅವಳೇ ಬರೆದಿಟ್ಟಿದ್ದಾಳೆ. ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಅಪ್ಪ ಕಟಕಟೆಯ ಹತ್ತಿರ ಬಂದ. ಮಗು ಮೇಲಾದರೂ ಕನಿಕರ ಇರಲಿ ಅಂತ ಬೇಡಿದ. ಜಡ್ಜ್ ಹಿಲಾರಿಯಾನುಸ್ ಕೂಡ ಅದನ್ನೇ ಹೇಳಿದ, ಅಪ್ಪನ ನರೆತ ತಲೆ ನೋಡು, ಮಗುವನ್ನು ನೋಡು. ಅದಕ್ಕೂ ಮೊದಲೊಂದು ದಿನ ಜೈಲಿಗೆ ಬಂದಿದ್ದ ಅಪ್ಪ ಅವಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ಮಗಳೇ ಅನ್ನದೆ ಒಡತಿ ಅಂದು ಅತ್ತಿದ್ದ. ಅವಳು ಒಪ್ಪಲಿಲ್ಲ. ಅಪ್ಪ ಬಿಡದೆ ಕಾಡಿದ್ದಕ್ಕೆ ಜಡ್ಜ್ ಅವನಿಗೇ ಕೋಲಿನಲ್ಲಿ ಹೊಡೆಸಿದ. ನನಗೇ ಹೊಡೆದ ಹಾಗೆ ನೋವಾಯಿತು ಅಂತ ಅವಳು ಬರೆದಿದ್ದಾಳೆ. ಅಪ್ಪನನ್ನು ಅವಳು ಎಲ್ಲೂ ಬೈದಿಲ್ಲ. ನಾನೂ ಒಬ್ಬ ಅಪ್ಪ. ಆ ಪುಟಗಳಲ್ಲಿ ನನಗೆ ಜಾಸ್ತಿ ಹತ್ತಿರ ಆಗುವವನು ಅವನೇ. ಹೇಳಲು ಸಂಕೋಚ, ಆದರೂ ನಿಜ.

ಇನ್ನು, ಎಲ್ಲರೂ ಗಟ್ಟಿಯಾಗಿ ನಿಲ್ಲಲಿಲ್ಲ. 250ರಲ್ಲಿ ಡೆಸಿಯುಸ್ ಚಕ್ರವರ್ತಿ ಎಲ್ಲರೂ ರೋಮನ್ನರ ದೇವರುಗಳಿಗೆ ಬಲಿ ಕೊಡಬೇಕು ಅಂತ ಆಜ್ಞೆ ಮಾಡಿದ. ಕೊಟ್ಟವರಿಗೆ ಸರ್ಟಿಫಿಕೇಟ್. ಅಂಥ ಚೀಟಿಗಳು ಈಜಿಪ್ಟಿನ ಮರಳಲ್ಲಿ 40ಕ್ಕೂ ಹೆಚ್ಚು ಸಿಕ್ಕಿವೆ. ಕ್ರೈಸ್ತರಲ್ಲಿ ಬಹಳ ಜನ ಬಲಿ ಕೊಟ್ಟರು, ಕೆಲವರು ದುಡ್ಡು ಕೊಟ್ಟು ಬರೀ ಚೀಟಿ ತಂದರು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ತಾನೇ ಊರು ಬಿಟ್ಟು ಅಡಗಿದ್ದ. ಆಡಿಕೊಂಡವರೂ ಇದ್ದರು. ಅದೇ ಸಿಪ್ರಿಯನ್ 258ರ ಸೆಪ್ಟೆಂಬರ್ 14ರಂದು ಗವರ್ನರ್ ಗಲೇರಿಯುಸ್ ಮ್ಯಾಕ್ಸಿಮುಸ್ ಮುಂದೆ ನಿಂತ. ಬಲಿ ಕೊಡು. ಕೊಡುವುದಿಲ್ಲ. ಯೋಚನೆ ಮಾಡು. ಇಷ್ಟು ಸರಿಯಾದ ವಿಷಯದಲ್ಲಿ ಯೋಚಿಸುವುದು ಏನೂ ಇಲ್ಲ.

ಇದು ಸ್ಪೆರಾತುಸ್‌ನ ಮಾತು, ಹೆಚ್ಚುಕಮ್ಮಿ ಅಕ್ಷರಕ್ಕೆ ಅಕ್ಷರ. ನಡುವೆ 78 ವರ್ಷ. ಆ ಎರಡು ಪುಟ ಕಾರ್ತೇಜಿನವರ ಬಾಯಲ್ಲಿ ಹಾಗೇ ಉಳಿದಿತ್ತು ಅಂತ ನನ್ನ ಊಹೆ. ಎಂಟು ವರ್ಷದ ಹಿಂದೆ ಅಡಗಿದ್ದವನಿಗೆ ಬೇಕಾದ ವಾಕ್ಯ ಹಳ್ಳಿಯವನೊಬ್ಬನಿಂದ ಸಿಕ್ಕಿತು. ಇದಕ್ಕಿಂತ ದೊಡ್ಡ ಪವಾಡ ನನಗೆ ಬೇಕಿಲ್ಲ.

ಕಥೆ ಇಲ್ಲಿಗೇ ನಿಲ್ಲಿಸಿದರೆ ನಮಗೆಲ್ಲ ಖುಷಿ. ಆದರೆ ನಿಲ್ಲುವುದಿಲ್ಲ. ಸಾಮ್ರಾಜ್ಯವೇ ಕ್ರೈಸ್ತ ಆದಮೇಲೆ ಅದೇ ಆಫ್ರಿಕಾದಲ್ಲಿ ದೊನಾತಿಸ್ಟರು ಎಂಬ ಇನ್ನೊಂದು ಕ್ರೈಸ್ತ ಗುಂಪಿನ ಮೇಲೆ ಕಾನೂನು ಬಂತು. 411ರಲ್ಲಿ ಕಾರ್ತೇಜಿನಲ್ಲೇ ಚಕ್ರವರ್ತಿಯ ಅಧಿಕಾರಿ ವಿಚಾರಣೆ ನಡೆಸಿದ. ಅವರು ಸೋತರು ಅಂತ ತೀರ್ಪಾಯಿತು. 412ರಲ್ಲಿ ದಂಡ ಬಿತ್ತು, ಚರ್ಚುಗಳು ಕೈಬಿಟ್ಟವು. ಈ ಒತ್ತಾಯ ಸರಿ ಅಂತ 417ರ ಸುಮಾರಿಗೆ ಬೊನಿಫಾಸ್ ಎಂಬ ಸೇನಾಧಿಕಾರಿಗೆ ಉದ್ದದ ಪತ್ರ ಬರೆದವರು ಸಂತ ಅಗುಸ್ಟೀನ್. ಕಾರ್ತೇಜಿನಲ್ಲಿ ಸ್ಕಿಲ್ಲಿಯ ಹುತಾತ್ಮರ ಹೆಸರಲ್ಲೇ ಒಂದು ಚರ್ಚ್ ಇತ್ತು. ಅಲ್ಲಿ ನಿಂತು ಪ್ರಸಂಗ ಮಾಡಿದವರೂ ಅವರೇ.

ಅಗುಸ್ಟೀನರ ಹಬ್ಬದ ಪೂಜೆಯಲ್ಲಿ ಈ ವಿಷಯವನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ಫಾದರ್ ಯಾರಾದರೂ ಇದನ್ನು ಓದುತ್ತಿದ್ದರೆ, ಆಗಸ್ಟ್ 28ಕ್ಕೆ ಇನ್ನೂ ಟೈಮ್ ಇದೆ.