ನಟನೆ, ನಿರ್ದೇಶನ ಕಲಿಯಲು ವಿಶ್ವವಿದ್ಯಾಲಯಕ್ಕೆ ಹೋಗಬೇಕೆ?

ಪರ: ತಪ್ಪು ಮಾಡಲು ಟೈಮ್ ಬೇಕು

ನಾಟಕ ಮಾಡುವ ಯಾರನ್ನೇ ಕೇಳಿ, ಕೊರಗು ಒಂದೇ. ಟೈಮ್ ಸಾಲಲಿಲ್ಲ. ಪ್ರದರ್ಶನದ ದಿನ ಮೊದಲೇ ನಿಗದಿಯಾಗಿರುತ್ತದೆ. ನಟರು ತಮ್ಮ ಕೆಲಸ ಮುಗಿಸಿ ಸಂಜೆ ಬರುತ್ತಾರೆ. ಒಬ್ಬ ಬಂದ ದಿನ ಇನ್ನೊಬ್ಬಳು ಇರುವುದಿಲ್ಲ. ಮಾತು ಬಾಯಿಗೆ ಬರುವ ಹೊತ್ತಿಗೆ ಪರದೆ ಮೇಲೇಳುತ್ತದೆ. ಇಂಥ ಗಡಿಬಿಡಿಯಲ್ಲಿ ನಟ ಏನು ಮಾಡುತ್ತಾನೆ? ತನಗೆ ಬರುವುದನ್ನೇ ಮತ್ತೆ ಮಾಡುತ್ತಾನೆ. ಒಂದು ನಾಟಕದಲ್ಲಿ ಚೆನ್ನಾಗಿ ಅತ್ತವನಿಗೆ ಮುಂದಿನದರಲ್ಲೂ ಅಳುವ ಪಾತ್ರವೇ ಗಟ್ಟಿ. ಬರದೇ ಇರುವುದನ್ನು ಒಮ್ಮೆ ಯತ್ನಿಸಿ ನೋಡು ಎಂದು ಟಿಕೆಟ್ ಮಾರಿದವರು ಹೇಳುವುದಿಲ್ಲ.

ವಿಶ್ವವಿದ್ಯಾಲಯದ ರಂಗ ವಿಭಾಗ ಆ ಮಾತು ಹೇಳುತ್ತದೆ. ವರ್ಷಗಟ್ಟಲೆ, ಬೆಳಗಿನಿಂದ ಸಂಜೆವರೆಗೆ, ಒಂದು ಖಾಲಿ ಕೋಣೆ ಮತ್ತು ನಿಮ್ಮಷ್ಟೇ ಹುಚ್ಚಿರುವ ಒಂದಿಷ್ಟು ಜನ. ನನ್ನ ವಾದವೆಲ್ಲ ಇಷ್ಟೇ.

ಧ್ವನಿಯನ್ನೇ ನೋಡಿ. ಕೊನೆಯ ಸಾಲಿಗೆ ಕೇಳಬೇಕು ಅಂತ ಹೊಸಬರು ಗಂಟಲು ಹರಿದುಕೊಳ್ಳುತ್ತಾರೆ. ಜಾಸ್ತಿ ದಿನ ಹಾಗೆ ಕಿರುಚಿದರೆ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳು ಏಳಬಹುದು, ಸ್ವರ ಒಡೆಯುತ್ತದೆ. ಇದನ್ನು ತಪ್ಪಿಸಲು ಮೊದಲು ಉಸಿರನ್ನು ಸರಿ ಮಾಡಬೇಕು. ಮಂಡಿ ಮಡಚಿ, ನೆಲದ ಮೇಲೆ ಅಂಗಾತ ಮಲಗಬೇಕು. ಹೆಗಲು ಎತ್ತದೆ ಉಸಿರು ತೆಗೆದುಕೊಳ್ಳಬೇಕು. ಪಕ್ಕೆಲುಬು ಅಗಲವಾಗುವುದನ್ನು ಗಮನಿಸಬೇಕು. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ. ಹೊರಗಿನಿಂದ ನೋಡುವವರಿಗೆ ಇದು ನಿದ್ದೆಯ ಕ್ಲಾಸು. ಮುಂದಿನ ವಾರ ಪ್ರದರ್ಶನ ಇಟ್ಟುಕೊಂಡ ತಂಡ ಹೀಗೆ ಮಲಗಲು ಬಿಡುತ್ತಾ?

ಎದುರಿನವರು ಏನು ಹೇಳುತ್ತಾರೆ ಅಂತ ಗೊತ್ತಿದೆ. ನೀರಿಗಿಳಿಯದೆ ಈಜು ಬರಲ್ಲ, ರಂಗ ಹತ್ತದೆ ನಟನೆ ಬರಲ್ಲ. ಕಲೆ ರಕ್ತದಲ್ಲೇ ಇರಬೇಕು. ಹಾಡುಗಾರರಿಗೆ ಈ ಮಾತನ್ನು ಯಾರಾದರೂ ಹೇಳುತ್ತಾರಾ? ಗುರುಗಳ ಮುಂದೆ ಹತ್ತು ವರ್ಷ ಕೂತವರನ್ನು ಗೌರವದಿಂದ ನೋಡುತ್ತೇವೆ. ನಟ ಮಾತ್ರ ತಾಯಿ ಹೊಟ್ಟೆಯಿಂದಲೇ ಡೈಲಾಗ್ ಒಪ್ಪಿಸುತ್ತ ಬರಬೇಕಂತೆ.

ಸರಿ, ನಟನೆಯನ್ನು ಅಲ್ಲಿ ಇಲ್ಲಿ ಕಲಿಯಬಹುದು ಅಂತಲೇ ಇಟ್ಟುಕೊಳ್ಳೋಣ. ನಿರ್ದೇಶನ? ಅದನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಲು ಆಗುವುದಿಲ್ಲ. ಕಥೆ ಬರೆಯುವವನು ಇಷ್ಟವಾಗದ ಹಾಳೆ ಹರಿದು ಹಾಕುತ್ತಾನೆ, ಯಾರಿಗೂ ನಷ್ಟವಿಲ್ಲ. ನಿರ್ದೇಶಕನ ತಪ್ಪಿಗೆ ಹತ್ತು ಜನರ ಸಂಜೆಗಳು ಖರ್ಚಾಗುತ್ತವೆ. ಹಾಗಾಗಿ ಹೊರಗೆ ಅವನಿಗೆ ತಪ್ಪು ಮಾಡುವ ಅವಕಾಶವೇ ಸಿಗುವುದಿಲ್ಲ.

ನಾವು ರಂಗ ವಿಭಾಗದ ಎರಡನೇ ವರ್ಷದಲ್ಲಿದ್ದಾಗ ಒಂದು ಅಭ್ಯಾಸ ಇತ್ತು. ದೃಶ್ಯ ಒಂದೇ, ನಟರು ಅವರೇ ಇಬ್ಬರು, ನಿರ್ದೇಶಕರು ನಾಲ್ವರು. ಅಣ್ಣ, ತಂಗಿ, ಒಂದು ಪತ್ರ. ಮಾತುಗಳನ್ನು ಬದಲಿಸುವಂತಿಲ್ಲ. ಮೇಜು, ಕುರ್ಚಿ, ಬಾಗಿಲು ಎಲ್ಲಿರಬೇಕು ಅಂತ ನಾವೇ ನಿರ್ಧರಿಸಬಹುದು. ನಾನು ಮೇಜನ್ನು ಇಬ್ಬರ ನಡುವೆ ಇಟ್ಟೆ, ಪತ್ರ ಅದರ ಮೇಲೆ. ಇನ್ನೊಬ್ಬಳು ಮೇಜನ್ನೇ ತೆಗೆಸಿ ಪತ್ರವನ್ನು ತಂಗಿಯ ಕೈಗೆ ಕೊಟ್ಟಳು. ಮೂರನೆಯವನು ಬಾಗಿಲನ್ನು ಅಣ್ಣನ ಬೆನ್ನ ಹಿಂದೆ ಇಟ್ಟ. ಅಣ್ಣ ಯಾವ ಕ್ಷಣದಲ್ಲಾದರೂ ಎದ್ದು ಹೋಗಿಬಿಡಬಹುದು ಅನ್ನಿಸಿತು. ಅವೇ ಮಾತುಗಳು ಬೆದರಿಕೆಯ ಹಾಗೆ ಕೇಳಿದವು. ಬಾಗಿಲ ಜಾಗ ಬದಲಾದರೆ ಇಷ್ಟಾಗುತ್ತದೆ ಅಂತ ಅಂದೇ ನೋಡಿದ್ದು.

ನಾಲ್ಕನೆಯವನು ನಮ್ಮೆಲ್ಲರಿಗಿಂತ ದೊಡ್ಡವನು. ಬಹಳ ವರ್ಷ ತಂಡಗಳಲ್ಲಿ ಪಾತ್ರ ಮಾಡಿ ಬಂದಿದ್ದ. ನಮಗೆ ಅವನೆಂದರೆ ಸ್ವಲ್ಪ ಭಯವೂ ಇತ್ತು. ಎದ್ದವನೇ ಅಣ್ಣನ ಪಾತ್ರ ಮಾಡಿ ತೋರಿಸಿದ, ತಂಗಿಯ ಪಾತ್ರವನ್ನೂ ಮಾಡಿ ತೋರಿಸಿದ. ‘ಹೀಗೆ ಮಾಡಿ’ ಎಂದ. ಸೊಗಸಾಗಿತ್ತು, ಸುಳ್ಳು ಹೇಳಬಾರದು. ನಟರು ಹಾಗೇ ನಕಲು ಮಾಡಿದರು. ಈಗ ರಂಗದ ಮೇಲೆ ಅವನೇ ಇಬ್ಬರಾಗಿ ನಿಂತ ಹಾಗಿತ್ತು, ಆದರೆ ಅವನಷ್ಟು ಚೆನ್ನಾಗಿ ಅಲ್ಲ.

ಮೇಷ್ಟ್ರು ಟೀಕೆ ಮಾಡಲಿಲ್ಲ. ಒಂದು ಕುರ್ಚಿ ಕೊಟ್ಟು, ‘ಇದರಿಂದ ಏಳಬೇಡ, ಮಾಡಿ ತೋರಿಸಬೇಡ, ಬರೀ ಬಾಯಲ್ಲಿ ಹೇಳು’ ಎಂದರು. ಅವನು ‘ಇನ್ನೂ ಸಿಟ್ಟು ಬೇಕು’ ಎಂದ. ನಟಿ ಸಿಟ್ಟಿನ ಮುಖ ಮಾಡಿದಳು. ‘ಸಿಟ್ಟು ಕಡಿಮೆ, ನೋವು ಜಾಸ್ತಿ’ ಎಂದ. ನೋವಿನ ಮುಖ ಬಂತು. ನಾವು ನಗು ತಡೆದುಕೊಂಡು ಕೂತಿದ್ದೆವು. ಬಹಳ ಹೊತ್ತು ಸುಮ್ಮನಿದ್ದು, ಬೇಸತ್ತು, ಕೊನೆಗೆ ಹೇಳಿದ: ‘ಆ ಪತ್ರ ಅವನ ಕೈಗೆ ಸಿಗಬಾರದು.’ ನಟಿ ಮುಖ ಮಾಡುವುದನ್ನು ಬಿಟ್ಟಳು. ಅವಳಿಗೆ ಈಗ ಮಾಡಲು ಕೆಲಸ ಇತ್ತು. ಅಣ್ಣ ಕುರ್ಚಿ ಹತ್ತಿರಕ್ಕೆ ಎಳೆದ ಕೂಡಲೇ ಅವಳ ಮಾತು ತಾನಾಗಿ ಚುರುಕಾಯಿತು. ಸಿಟ್ಟೂ ಬಂತು, ನೋವೂ ಬಂತು, ಯಾರೂ ಕೇಳದೆ.

ಪಾತ್ರಕ್ಕೆ ಏನು ಬೇಕು, ಅದಕ್ಕಾಗಿ ಏನು ಮಾಡುತ್ತದೆ ಅಂತ ಹುಡುಕಿ, ಭಾವವನ್ನು ನೇರವಾಗಿ ಹಿಂಡಬೇಡಿ. ಇದು ರಷ್ಯಾದ ನಟ, ನಿರ್ದೇಶಕ ಸ್ಟಾನಿಸ್ಲಾವ್ಸ್ಕಿ ಹಾಕಿಕೊಟ್ಟ ದಾರಿ. ಕೊನೆಗಾಲದಲ್ಲಂತೂ ಅವರು ದೇಹದ ಕ್ರಿಯೆಗಳಿಂದಲೇ ಪಾತ್ರಕ್ಕೆ ಹೋಗುವ ಕ್ರಮ ಹಿಡಿದಿದ್ದರು. ನಾವೆಲ್ಲ ಅದನ್ನು ಓದಿಕೊಂಡಿದ್ದೆವು. ಅವನೂ ಓದಿದ್ದ. ಆ ಕುರ್ಚಿಯಲ್ಲಿ ಕೂರಿಸದೇ ಇದ್ದರೆ ಅದು ಓದಾಗಿಯೇ ಉಳಿಯುತ್ತಿತ್ತು. ಅವನಿಗೆ ಆ ಅಭ್ಯಾಸದಲ್ಲಿ ನಮಗಿಂತ ಕಡಿಮೆ ಅಂಕ ಬಂತು, ಅದಕ್ಕೆ ಮೇಷ್ಟ್ರ ಜೊತೆ ದೊಡ್ಡ ಜಗಳವೇ ಆಯಿತು. ಅದು ಬೇರೆ ಕಥೆ. ಈಗ ಅವನು ನಿರ್ದೇಶಕ. ತಾಲೀಮಿನಲ್ಲಿ ಕುರ್ಚಿ ಬಿಟ್ಟು ಏಳುವುದೇ ಇಲ್ಲ ಅಂತ ಅವನ ನಟರು ದೂರುತ್ತಾರೆ. ಅವರ ಜೊತೆ ಮಾತಾಡುವಾಗಲೆಲ್ಲ ನನಗೆ ಖುಷಿ.

ಇನ್ನೊಂದು ಮಾತು. ವಿಶ್ವವಿದ್ಯಾಲಯ ಏನನ್ನೂ ಹೊಸದಾಗಿ ಕೊಟ್ಟಿಲ್ಲ ಅನ್ನುವವರು ರಂಗದ ಬೆಳಕಿನ ಕಡೆ ಒಮ್ಮೆ ನೋಡಲಿ. ನಟನ ಮುಖಕ್ಕೆ ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ, ಒಂದು ಕಡೆ ಬಿಸಿ ಬಣ್ಣ, ಇನ್ನೊಂದು ಕಡೆ ತಂಪು ಬಣ್ಣದ ಬೆಳಕು ಕೊಡುವ ಕ್ರಮವನ್ನು 1932ರಲ್ಲಿ ಬರೆದಿಟ್ಟವರು ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್. ಇವತ್ತೂ ಬೆಳಕು ಕಲಿಯುವವರು ಶುರು ಮಾಡುವುದು ಅಲ್ಲಿಂದಲೇ. ನಮ್ಮ ಬಿ.ವಿ. ಕಾರಂತರನ್ನೇ ತೆಗೆದುಕೊಳ್ಳಿ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಅಷ್ಟೇ ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ಬನಾರಸ್ಸಿನಲ್ಲಿ ಎಂ.ಎ. ಮಾಡಿದರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ 1962ರಲ್ಲಿ ಪಾಸಾದರು. ಕಂಪನಿಯೇ ಎಲ್ಲವನ್ನೂ ಕಲಿಸುತ್ತದೆ ಅನ್ನುವುದಾದರೆ ಅವರು ಹೋಗಿದ್ದೇಕೆ?

ಓದಿ ಮುಗಿಸಿದ ಮೇಲೆ ಕೆಲಸ ಸಿಗುತ್ತಾ ಅಂತ ಕೇಳುವವರಿದ್ದಾರೆ. ತತ್ವಶಾಸ್ತ್ರ ಓದುವವರನ್ನು ಹೋಗಿ ಕೇಳಲಿ ಮೊದಲು.

ವಿರೋಧ: ಪ್ರೇಕ್ಷಕರಿಲ್ಲದ ಪಾಠ

ಈ ಪಕ್ಷ ನನ್ನ ಪಾಲಿಗೆ ಬಂದದ್ದು. ಅಂಥ ವಿಭಾಗದಲ್ಲಿ ಓದಿದವನು ನಾನೂ ಹೌದು. ಹಾಗಾಗಿ ಬೈಯಲು ನಾನೇ ಸರಿ ಅಂತ ಬರೆಯಲು ಕೇಳಿದವರ ಲೆಕ್ಕ. ಪೂರ್ತಿ ವಿರೋಧಿ ನಾನಲ್ಲ. ಆದರೂ ಹೇಳಬೇಕಾದ್ದು ಒಂದಿಷ್ಟಿದೆ.

ಮೊದಲನೆಯದು ಸರಳ. ವಿಶ್ವವಿದ್ಯಾಲಯಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಅಂಕ ಬೇಕು. ‘ದತ್ತ ಸನ್ನಿವೇಶ ಎಂದರೇನು? ಐದು ಅಂಕಕ್ಕೆ ಟಿಪ್ಪಣಿ ಬರೆಯಿರಿ.’ ನಾಟಕ ಪಾತ್ರಕ್ಕೆ ಕೊಡುವ ಕಾಲ, ಜಾಗ, ಸಂದರ್ಭ ಅಂತ ಚೆನ್ನಾಗಿ ಬರೆದವನು ರಂಗದ ಮೇಲೆ ಮರದ ಹಾಗೆ ನಿಲ್ಲುತ್ತಾನೆ. ಚೆನ್ನಾಗಿ ನಟಿಸುವವಳು ಆ ಟಿಪ್ಪಣಿಯಲ್ಲಿ ಸೋಲುತ್ತಾಳೆ. ವಿಭಾಗದಲ್ಲಿ ಬೇಕಾದಷ್ಟು ಸಮಯ ಸಿಗುತ್ತದೆ ಅನ್ನುತ್ತಾರೆ. ಎಲ್ಲಿ ಸಿಗುತ್ತದೆ? ಸೆಮಿಸ್ಟರ್ ಶುರುವಾಯಿತು ಅನ್ನುವಷ್ಟರಲ್ಲಿ ಇಂಟರ್ನಲ್ಸ್, ಹಾಜರಿ, ಪ್ರಾಜೆಕ್ಟ್ ವರದಿ. ಉಳಿದ ಸಮಯದಲ್ಲಿ ನೆಲದ ಮೇಲೆ ಮಲಗಿ ಉಸಿರಾಡುತ್ತೇವೆ, ನಿಜ.

ಎರಡನೆಯದನ್ನು ನಾನು ಮನಸಾರೆ ನಂಬುತ್ತೇನೆ. ರಂಗ ವಿಭಾಗದಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಪ್ಪತ್ತೊಂದರ ಹುಡುಗ ತಲೆಗೆ ಬಿಳಿ ಪೌಡರ್ ಹಚ್ಚಿಕೊಂಡು, ಸೊಂಟ ಬಗ್ಗಿಸಿ ಅಜ್ಜನಾಗುತ್ತಾನೆ. ಅವನ ಮಗಳಾಗುವವಳು ಅವನಿಗಿಂತ ಆರು ತಿಂಗಳು ದೊಡ್ಡವಳು. ನೋಡಲು ಬಂದವರು ಸೀನಿಯರ್‌ಗಳು, ಜೂನಿಯರ್‌ಗಳು, ಅವರ ಗೆಳೆಯರು. ಎಲ್ಲಿ ನಗಬೇಕು ಅಂತ ಅವರಿಗೆ ಮೊದಲೇ ಗೊತ್ತು. ತಾಲೀಮಿಗೆ ಹತ್ತು ಸಲ ಬಂದವರು ಪ್ರೇಕ್ಷಕರಾಗುವುದು ಹೇಗೆ? ಹೊರಗೆ ಹೋದ ಮೇಲೆ ಮೊದಲ ಸಲ ನನ್ನ ನಾಟಕಕ್ಕೆ ಗುರುತಿಲ್ಲದ ಜನ ಬಂದು ಕೂತರು. ಕ್ಯಾಂಪಸ್ಸಿನಲ್ಲಿ ಬಿದ್ದು ಬಿದ್ದು ನಕ್ಕಿದ್ದ ಜಾಗದಲ್ಲಿ ಒಬ್ಬರೂ ನಗಲಿಲ್ಲ. ನಾನು ಒಂದು ಸಾಲಿನ ಚುಟುಕು ಮಾತು ಅಂತ ಬಿಟ್ಟಿದ್ದ ಕಡೆ ಯಾರೋ ಅತ್ತರು. ಇದನ್ನು ಯಾವ ತರಗತಿ ಕಲಿಸುತ್ತದೆ?

ನಿರ್ದೇಶನದ ವಿದ್ಯಾರ್ಥಿಗಂತೂ ಈ ಅನುಕೂಲ ದೊಡ್ಡ ಮೋಸ. ಅವನ ನಟರು ಅವನದೇ ಸಹಪಾಠಿಗಳು. ಇವತ್ತು ಇವನ ಮಾತು ಕೇಳಿದರೆ ನಾಳೆ ತಮ್ಮ ಪ್ರೊಡಕ್ಷನ್ನಿಗೆ ಅವನು ಬರುತ್ತಾನೆ. ಕರೆದಾಗ ಬರುತ್ತಾರೆ, ಹೇಳಿದಲ್ಲಿ ನಿಲ್ಲುತ್ತಾರೆ. ಮೂವತ್ತು ವರ್ಷ ಪಾತ್ರ ಮಾಡಿದ ಹಿರಿಯ ನಟ ‘ಈ ಸಾಲು ನನಗೆ ಬೇಡಪ್ಪ’ ಅಂದಾಗ ಏನು ಮಾಡಬೇಕು? ಅಂಥವರು ಕ್ಯಾಂಪಸ್ಸಿನಲ್ಲಿ ಇರುವುದೇ ಇಲ್ಲ.

ಇನ್ನು ಇತಿಹಾಸ. ಲಂಡನ್ನಿನಲ್ಲಿ 1592ರಲ್ಲಿ, ಕೇಂಬ್ರಿಜ್‌ನಲ್ಲಿ ಓದಿದ್ದ ನಾಟಕಕಾರ ರಾಬರ್ಟ್ ಗ್ರೀನ್ ಹೆಸರಿನಲ್ಲಿ ಒಂದು ಪುಸ್ತಿಕೆ ಬಂತು. ನಮ್ಮ ಪುಕ್ಕ ಸಿಕ್ಕಿಸಿಕೊಂಡ ಕಾಗೆ ಅಂತ ಒಬ್ಬ ನಟನನ್ನು ಅದರಲ್ಲಿ ಹಂಗಿಸಲಾಗಿತ್ತು. ಆ ಕಾಗೆ ವಿಶ್ವವಿದ್ಯಾಲಯದಲ್ಲಿ ಓದದ ಷೇಕ್ಸ್‌ಪಿಯರ್ ಅಂತ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಫ್ರೆಂಚ್ ನಟ, ನಾಟಕಕಾರ ಮೋಲಿಯೇರ್ ಪ್ಯಾರಿಸ್ಸಿನಲ್ಲಿ ಸಾಲಕ್ಕೆ ಜೈಲು ನೋಡಿ, 1645ರಿಂದ 1658ರವರೆಗೆ ತಂಡ ಕಟ್ಟಿಕೊಂಡು ಊರೂರು ಸುತ್ತಿದರು. ಎಲ್ಲ ಸಿಲೆಬಸ್ಸುಗಳಲ್ಲಿ ಇರುವ ಸ್ಟಾನಿಸ್ಲಾವ್ಸ್ಕಿ ಸ್ವತಃ ನಾಟಕ ಶಾಲೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟರು. ಈಗ ಪ್ರತಿ ತರಗತಿಯೂ ಶುರುವಾಗುವುದು ನಟರ ಅಭ್ಯಾಸಕ್ಕೆ ಆಡಿಸುವ ರಂಗ ಆಟಗಳಿಂದ. ಅವುಗಳಲ್ಲಿ ಎಷ್ಟೋ ಆಟಗಳು ಅಮೆರಿಕದ ರಂಗ ಶಿಕ್ಷಕಿ ವಯೋಲಾ ಸ್ಪೋಲಿನ್ ಅವರವು. ಅವರು ಅವನ್ನು ಕಟ್ಟಿದ್ದು ಷಿಕಾಗೋದಲ್ಲಿ, ವಲಸೆ ಬಂದ ಕುಟುಂಬಗಳ ಮಕ್ಕಳ ಜೊತೆ ಕೆಲಸ ಮಾಡುತ್ತ. ಯಾವ ವಿಶ್ವವಿದ್ಯಾಲಯವೂ ಅವರನ್ನು ಕೇಳಿರಲಿಲ್ಲ. ಹೊರಗೆ ಹುಟ್ಟಿದ್ದಕ್ಕೆ ಒಳಗೆ ಪದವಿ ಕೊಡುತ್ತಾರೆ.

ಆಚೆ ಪಕ್ಷದಲ್ಲಿ ಕಾರಂತರ ಹೆಸರು ಬಂದೇ ಬಂದಿರುತ್ತದೆ. ಬರಲಿ. ಅವರನ್ನು ಬನಾರಸ್ಸಿಗೆ ಕಳಿಸಿದ್ದೇ ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣ. ಆ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಶುರುವಾದದ್ದು ಸಂಗೀತ ನಾಟಕ ಅಕಾಡೆಮಿಯ ಕೆಳಗೆ, ವಿಶ್ವವಿದ್ಯಾಲಯದ ವಿಭಾಗವಾಗಿ ಅಲ್ಲ. ಲಂಡನ್ನಿನ ರಾಡಾ ಎಂಬ ನಟನಾ ಶಾಲೆ ಕೂಡ ಅಷ್ಟೇ. 1904ರಲ್ಲಿ ಅದನ್ನು ಶುರು ಮಾಡಿದ್ದು ಹರ್ಬರ್ಟ್ ಬೀರ್‌ಬೋಮ್ ಟ್ರೀ ಎಂಬ ನಟ, ತನ್ನದೇ ಥಿಯೇಟರಿನಲ್ಲಿ. ನಾಟಕದವರು ನಾಟಕದವರಿಗಾಗಿ ಕಟ್ಟಿದ ಶಾಲೆ ಬೇರೆ, ರಸಾಯನಶಾಸ್ತ್ರದ ಪಕ್ಕದ ಕಟ್ಟಡದಲ್ಲಿ ನಡೆಯುವ ವಿಭಾಗ ಬೇರೆ. ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ.

ಧ್ವನಿಯ ವಿಷಯದಲ್ಲಿ ಮಾತ್ರ ನನಗೆ ವಾದ ಮಾಡಲು ಬರುವುದಿಲ್ಲ. ನನ್ನ ಗಂಟಲು ಇಂದಿಗೂ ಸರಿಯಿರುವುದು ಆ ತರಗತಿಗಳಿಂದಲೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೋಗಲೇಬೇಕು ಅನ್ನುವವರು ಹೋಗಲಿ, ಸ್ವಲ್ಪ ತಡವಾಗಿ. ರಾಷ್ಟ್ರೀಯ ನಾಟಕ ಶಾಲೆ ಕೂಡ ಅರ್ಜಿ ಹಾಕುವವರಿಂದ ಪದವಿಯ ಜೊತೆಗೆ ನಾಟಕಗಳಲ್ಲಿ ಭಾಗವಹಿಸಿದ ಅನುಭವ ಕೇಳುತ್ತದೆ. ಮೊದಲು ಯಾವುದಾದರೂ ತಂಡ ಸೇರಿ. ಸೆಟ್ಟು ಹೊರಿ, ಟಿಕೆಟ್ ಹರಿಯಿರಿ, ಪ್ರಾಂಪ್ಟ್ ಮಾಡಿ, ಎರಡು ಸಾಲಿನ ಪಾತ್ರ ಮಾಡಿ. ಆಮೇಲೂ ಏನೋ ಗೊತ್ತಾಗುತ್ತಿಲ್ಲ ಅನ್ನಿಸಿದರೆ, ಆ ‘ಏನೋ’ ಯಾವುದು ಅಂತ ಬರೆದುಕೊಂಡು ವಿಭಾಗದ ಬಾಗಿಲು ತಟ್ಟಿ. ನಮ್ಮ ಬ್ಯಾಚಿನಲ್ಲಿ ಹಾಗೆ ಬಂದವರು ಇಬ್ಬರೋ ಮೂವರೋ ಇದ್ದರು. ಮೇಷ್ಟ್ರ ಜೊತೆ ದಿನಾ ಜಗಳ ಆಡುತ್ತಿದ್ದವರು ಅವರೇ, ಜಾಸ್ತಿ ಕಲಿತವರೂ ಅವರೇ.